ಸಾಹಸದ ಲೆಕ್ಕ

ಪದವಿಯ ನಂತರ ನೌಕರಿಯನ್ನೇ ಹುಡುಕಬೇಕೆ, ಸ್ವಂತ ಉದ್ಯಮವನ್ನೇಕೆ ಹೂಡಬಾರದು ಎಂಬ ಚರ್ಚೆ ನಮ್ಮಲ್ಲಿ ಆಗಾಗ ನಡೆಯುವುದಷ್ಟೆ. ಆಗೆಲ್ಲ ಯಾರಾದರೊಬ್ಬ ವಿದೇಶೀ ಸಾಹಸಿಯ ಉದಾಹರಣೆ ಬಂದೇ ಬರುತ್ತದೆ. ಅಂಥವನೊಬ್ಬನ ಹೆಸರು ನಮಗೆ ಬಹು ಸಮೀಪದಲ್ಲಿಯೇ ಇದೆ. ವಸಂತಪುರದಿಂದ ಬಸ್ಸು ಹತ್ತಿ ಕಬ್ಬನ್ ಪಾರ್ಕಿನ ಕಡೆಗೆ ಹೋದರೆ ಲ್ಯಾವೆಲ್ಲೆ ರಸ್ತೆ ಸಿಗುತ್ತದೆ. ಆ ಲ್ಯಾವೆಲ್ಲೆ ಯಾರೆಂದು ಬಲ್ಲವರು ವಿರಳ.

ಮೈಕೇಲ್ ಫಿಟ್ಜೆರಾಲ್ಡ್ ಲ್ಯಾವೆಲ್ಲೆ ಬ್ರಿಟಿಷ್ ಸೈನ್ಯದಲ್ಲಿದ್ದ ಐರಿಷ್ ಸೈನಿಕ. ನ್ಯೂಜಿಲೆಂಡಿನ ಯುದ್ಧದಿಂದ ಮರಳಿ ಬೆಂಗಳೂರಿನಲ್ಲಿ ನೆಲೆಸಿದ್ದನು. ಹಾಯಾಗಿ ಕಾಲ ಕಳೆಯಬಹುದಾಗಿತ್ತು. ಆದರೆ ಕೋಲಾರದ ನೆಲದಲ್ಲಿ ಚಿನ್ನವಿದೆಯೆಂದು ಲೆಫ್ಟಿನೆಂಟ್ ಜಾನ್ ವಾರನ್ ಹಿಂದೆ ಬರೆದಿದ್ದ ವರದಿ ಅವನ ಕಣ್ಣಿಗೆ ಬಿದ್ದಿತು. 1871ರಲ್ಲಿ ಎತ್ತಿನ ಗಾಡಿಯಲ್ಲಿ ಸುಮಾರು 60 ಮೈಲಿ ಸಾಗಿ ಆ ನೆಲವನ್ನು ಶೋಧಿಸಿದನು. 1875ರಲ್ಲಿ ಮೈಸೂರು ಸರ್ಕಾರದಿಂದ 20 ವರ್ಷಗಳ ಗಣಿ ಹಕ್ಕು ದೊರೆಯಿತು. ಆದರೆ ಗಣಿ ಅಗೆಯಲು ಉತ್ಸಾಹವೊಂದೇ ಸಾಲದು. ಬಂಡವಾಳವಿಲ್ಲದೆ 1877ರಲ್ಲಿ ಹಕ್ಕನ್ನು ಇತರರಿಗೆ ವಹಿಸಿಕೊಟ್ಟನು. ಕೆಲಸ ಊರ್ಜಿತವಾದದ್ದು 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಬಂದ ಮೇಲೆ.

ಈತನ ಧೈರ್ಯ ಮೆಚ್ಚತಕ್ಕದ್ದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕಥೆಯನ್ನು ಇಲ್ಲಿಗೇ ನಿಲ್ಲಿಸುವುದು ನ್ಯಾಯವಲ್ಲ. ವಾರನ್ನನಿಗೆ ಚಿನ್ನ ತೋರಿಸಿದವರು ಯಾರು? 1802ರಲ್ಲಿ ಆತ ಬಹುಮಾನ ಸಾರಿದಾಗ ಅಲ್ಲಿಯ ಹಳ್ಳಿಗರು ಗಾಡಿಗಳಲ್ಲಿ ಮಣ್ಣು ಹೇರಿಕೊಂಡು ಬಂದು, ಅವನೆದುರಿಗೇ ತೊಳೆದು ಚಿನ್ನದ ಪುಡಿ ತೆಗೆದು ತೋರಿಸಿದರು. ಅವರು ಬಲ್ಲ ಸಂಗತಿಯನ್ನೇ ನಾವು ಪರರ ಶೋಧವೆಂದು ಕೊಂಡಾಡುತ್ತೇವೆ. ಮುಂದೆ 3 ಕಿಲೋಮೀಟರಿಗೂ ಆಳಕ್ಕೆ ಇಳಿದು, ಕಾವಿನಲ್ಲಿ ಬೆಂದು, ಬಂಡೆ ಸಿಡಿಯುವ ಭಯದಲ್ಲಿ ದುಡಿದವರು ಕೂಲಿಗಳು. ಸುಮಾರು 120 ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಮೇಲಕ್ಕೆ ಬಂದಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಬೀದಿಗೆ ಬಿದ್ದವರೂ ಕಾರ್ಮಿಕರೇ. ಅವರ ಊರಿಗೆ ಉಳಿದದ್ದು ಸಯನೈಡ್ ಮಣ್ಣಿನ ದಿಬ್ಬಗಳು.

ಲ್ಯಾವೆಲ್ಲೆ ಪಣವಾಗಿಟ್ಟದ್ದು ತನ್ನ ಹಣ ಮತ್ತು ಕೆಲವು ವರ್ಷಗಳನ್ನು. ಇವರು ಇಟ್ಟದ್ದು ಪ್ರಾಣವನ್ನು. ಸಾಹಸಿಯೆಂಬ ಬಿರುದು ಯಾರಿಗೆ ಹೆಚ್ಚು ಸಲ್ಲಬೇಕು?

ಉದ್ಯಮ ಬೇಡವೆಂದು ನನ್ನ ವಾದವಲ್ಲ. ಮಿತ್ರರೇ, ನಮ್ಮಲ್ಲಿ ಕೆಲವರಾದರೂ ನಾಳೆ ಅಂಗಡಿಯನ್ನೋ ಕಾರ್ಖಾನೆಯನ್ನೋ ತೆರೆಯಲಿ. ಆದರೆ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬಂಡವಾಳ ಹಾಕಿದವನ ಹೆಸರಿನ ಜೊತೆಗೆ, ಮಣ್ಣು ತೋರಿಸಿದವರ, ಮಣ್ಣು ಹೊತ್ತವರ ಹೆಸರೂ ಇರಲಿ. ಲಾಭ ಹಂಚುವ ದಿನ ಆ ಪುಟವನ್ನು ತಿರುವಿ ನೋಡುವ ಧೈರ್ಯವೂ ನಮಗೆ ಬರಲಿ. ನನ್ನ ಮಟ್ಟಿಗೆ ಅದೇ ದೊಡ್ಡ ಸಾಹಸ.