ಹಸಿರು ಆಫೀಸೋ, ಗೋಲಗುಮ್ಮಟವೋ?

ಅಫಜಲಪುರದ ನಮಗೆ ಗೋಲಗುಮ್ಮಟ ಪಕ್ಕದ ಜಿಲ್ಲೆಯದು. ಅಲ್ಲಿ ಪಿಸುಮಾತೂ ಗೋಡೆ ಸುತ್ತಿ ಬಂದು ಕೇಳಿಸಿದರೆ ಖುಷಿ. ಬೆಂಗಳೂರಿನ ಆಫೀಸಿನಲ್ಲೂ ಅದೇ ಆಗಬೇಕೇನ್ರಿ?

ಬೆಳಕು ಬರಲಿ ಅಂತ ನಡುವಿನ ಗೋಡೆ ತೆಗೀತಾರೆ. ತಂಪಿರಲಿ ಅಂತ ಕಾಂಕ್ರೀಟ್ ಛಾವಣಿಯನ್ನು ಬರಿದೇ ಬಿಡ್ತಾರೆ. ಗಾಜು, ಕಾಂಕ್ರೀಟು ಸದ್ದನ್ನು ಹೀರುವುದಿಲ್ಲ, ವಾಪಸ್ ಎಸೆಯುತ್ತವೆ. ನಾಲ್ಕು ಡೆಸ್ಕ್ ಆಚೆಯವರ ಫೋನ್ ಮಾತು ನನ್ನ ಕೋಡ್ ಒಳಗೇ ಬಂದು ಕೂರುತ್ತೆ!

ಹಸಿರು ಕಟ್ಟಡಗಳಿಗೆ ಅಂಕ ಕೊಡುವ 'ಲೀಡ್'ನ 2013ರ ಆವೃತ್ತಿಯಲ್ಲಿ ಹೊಸ ಆಫೀಸಿನ ಸದ್ದಿಗೆ ಇಟ್ಟಿದ್ದು 110ರಲ್ಲಿ 1 ಅಂಕ, ಅದೂ ಕಡ್ಡಾಯವಲ್ಲ. 80 ಬಂದರೆ ಪ್ಲಾಟಿನಮ್. ಕಿವಿಯನ್ನು ಮರೆತರೂ ಫಲಕ ಗ್ಯಾರಂಟಿ!

ಸದ್ದು ಹೀರುವ ಹಲಗೆಗಳನ್ನು ಛಾವಣಿಯಿಂದ ಬಿಡಿಬಿಡಿಯಾಗಿ ತೂಗುಹಾಕಿದರೆ ಗದ್ದಲ ತಗ್ಗುತ್ತೆ, ತಂಪೂ ಬಹುಪಾಲು ಉಳಿಯುತ್ತೆ. ಕರೆಂಟಿನ ಲೆಕ್ಕ ಇಡೋರೇ, ಒಳಗೆ ಕೂತವರ ತಲೆನೋವಿನ ಲೆಕ್ಕ ಯಾರಿಡಬೇಕು, ಹೇಳ್ರಿ?