ಗಾಂಧಿ ಕ್ಲಾಸಿನಿಂದ: ಹೀರೋ ಹಾಲು ಕರೆದ... ಆಮೇಲೆ?

ಕನ್ನಡ ಚಿತ್ರಗಳಲ್ಲಿ ಹಾಲಿಗೆ ಎಂದೂ ಬರ ಬಂದಿಲ್ಲ ನೋಡಿ. ನಾಯಕಿ ಕರುವಿನ ಕೊರಳು ತಬ್ಬಿ ಹಾಡ್ತಾಳೆ. ತಾಯಿ ಲೋಟದ ತುಂಬ ಹಾಲು ತಂದು ಮಗನ ಕೈಗೆ ಕೊಡ್ತಾಳೆ. ಮೊದಲ ರಾತ್ರಿಗೂ ಅದೇ ಹಾಲು, ಲೋಟ ಮಾತ್ರ ಬೆಳ್ಳಿಯದು! ಆದರೆ ಆ ಹಾಲು ಡೈರಿಗೆ ಹೋಗಿದ್ದು, ಅಲ್ಲಿ ಡಿಗ್ರಿ ನೋಡಿದ್ದು, ಬಟವಾಡೆ ದಿನ ಅಮ್ಮ ಲೆಕ್ಕದ ಪುಸ್ತಕ ಹಿಡಿದು ಕಾದಿದ್ದು... ಯಾವ ಚಿತ್ರದಲ್ಲಿ ನೋಡಿದ್ದೀರಿ? ನನಗಂತೂ ನೆನಪಿಲ್ಲ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಕಡೆಯ ಹುಡುಗರೇ, ನಿಮ್ಮ ಟಿಕೆಟ್ಟಿನ ದುಡ್ಡು ಎಲ್ಲಿಂದ ಬಂತು? ಶಿಡ್ಲಘಟ್ಟದವರು ರೇಷ್ಮೆಗೂಡು ಅಂತಾರೆ, ಇರಲಿ. ಅವರ ಮನೆಯಲ್ಲೂ ಒಂದು ಸೀಮೆಹಸು ಇದ್ದೇ ಇರುತ್ತೆ.

1972ರ 'ಬಂಗಾರದ ಮನುಷ್ಯ' ತಗೊಳ್ಳಿ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಅಣ್ಣಾವ್ರು ಬರಡು ನೆಲ ಹಸಿರು ಮಾಡಿದ್ದನ್ನು ನೋಡಿ ರೋಮಾಂಚನ ಆಗದವರು ಯಾರು? ಆದರೆ ಬೆಳೆ ಬಂಡಿಗೇರಿದ ಮೇಲೆ ಯಾರು ತೂಗಿದರು, ಏನು ರೇಟು ಕಟ್ಟಿದರು, ಅದು ಬೇರೆಯೇ ಕಥೆ.

ಆ ಬೇರೆ ಕಥೆಯನ್ನು ಹಿಂದಿಯವರು ತೆಗೆದರು, ಅದೂ ನಮ್ಮವರನ್ನೇ ಹಾಕ್ಕೊಂಡು! 1976ರಲ್ಲಿ ಬಂದ ಶ್ಯಾಮ್ ಬೆನೆಗಲ್ ಅವರ 'ಮಂಥನ್'. ಗಿರೀಶ್ ಕಾರ್ನಾಡರು ದನದ ಡಾಕ್ಟರ್ ರಾವ್, ಜೊತೆಗೆ ನಮ್ಮ ಅನಂತನಾಗ್. ಕಥೆಯಲ್ಲಿ ಅಮುಲ್‌ನ ಕುರಿಯನ್ನರ ಕೈ ಇದೆ. ನಿರ್ಮಾಪಕರು ಯಾರು ಗೊತ್ತೇ? ಗುಜರಾತಿನ 5 ಲಕ್ಷ ರೈತರು, ತಲಾ 2 ರೂಪಾಯಿ! ಕೊನೆಗೆ ಅವರೇ ಲಾರಿ ಹತ್ತಿ ಬಂದು ಸಿನಿಮಾ ನೋಡಿದರು. ಇದರಲ್ಲಿ ಫೈಟಿಂಗ್ ಇಲ್ಲ ಸ್ವಾಮಿ. ವಿಲನ್ ಅಮರೀಶ್ ಪುರಿ ಖಾಸಗಿ ಡೈರಿ ಯಜಮಾನ, ಹೀರೋನ ಆಯುಧ ಹಾಲಿನ ಜಿಡ್ಡು ಅಳೆಯೋ ಗಾಜಿನ ಕೊಳವೆ. ಆದರೂ ಸೀಟಿನ ತುದಿಗೆ ಬಂದು ಕೂರ್ತೀರಿ. 2024ರಲ್ಲಿ ಹಳೆ ಪ್ರಿಂಟ್ ಸರಿಮಾಡಿ ಕಾನ್ ಉತ್ಸವದಲ್ಲೂ ತೋರಿಸಿದರು.

ನಮ್ಮಲ್ಲಿ ಸರಕು ಕಡಿಮೆಯೇ? 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಶುರುವಾದ ಡೈರಿ ನಿಗಮ 1984ರಲ್ಲಿ ಕೆ.ಎಂ.ಎಫ್. ಆಯಿತು. ಈಗ ಸೊಸೈಟಿಗೆ ಬಂದ ಹಾಲು 4 ಡಿಗ್ರಿಗೆ ತಣ್ಣಗಾಗಿ ಟ್ಯಾಂಕರ್ ಹತ್ತುತ್ತೆ, ಕಾರ್ಖಾನೆಯಲ್ಲಿ 72 ಡಿಗ್ರಿಗೆ 15 ಸೆಕೆಂಡು ಕಾದು ಪ್ಯಾಕೆಟ್ ಆಗುತ್ತೆ. ಕ್ಯಾಮೆರಾದವರಿಗೆ ಇದಕ್ಕಿಂತ ಬೇಕೇ! ವಿಲನ್ ಮಾತ್ರ ಬದಲಾಗಿದ್ದಾನೆ. ಮೀಸೆ ಇಲ್ಲ, ಜೀಪ್ ಇಲ್ಲ. ಬೂಸಾ, ಇಂಡಿ ರೇಟು ಏರಿರುತ್ತೆ, ಮೇವು ಸಾಲದೆ ಹಸು ಸೊರಗಿರುತ್ತೆ, ಮಿಷಿನ್ನಿನಲ್ಲಿ ಅಂಕಿ ಒಂದು ಚೂರು ಇಳಿದು ನಿಲ್ಲುತ್ತೆ. ಅಮ್ಮ ಅಂಕಿ ಜೊತೆ ಜಗಳ ಆಡೋಕಾಗುತ್ತಾ?

ಪುಸ್ತಕದವರಿಗೂ ಈ ಪಾಡು ತಪ್ಪಲಿಲ್ಲ. 1906ರಲ್ಲಿ ಅಮೆರಿಕದ ಅಪ್ಟನ್ ಸಿಂಕ್ಲೇರ್ 'ದಿ ಜಂಗಲ್' ಅಂತ ಕಾದಂಬರಿ ಬರೆದ. ಶಿಕಾಗೋದ ಮಾಂಸದ ಕಾರ್ಖಾನೆ ಕೂಲಿಗಳ ಗೋಳು ಜನಕ್ಕೆ ತಟ್ಟಲಿ ಅನ್ನೋದು ಅವನ ಆಸೆ. ಓದಿದವರು ತಮ್ಮ ತಟ್ಟೆ ನೋಡಿ ಗಾಬರಿಯಾದರು. ಅದೇ ವರ್ಷ ಆಹಾರ ಶುದ್ಧವಾಗಿರಬೇಕು ಅಂತ ಕಾನೂನು ಬಂತು. ಕೂಲಿಯವನು ಕೂಲಿಯವನಾಗೇ ಉಳಿದ. ನಮ್ಮಲ್ಲೂ ಹಾಗೇ. ಕಲಬೆರಕೆ ಅಂದರೆ ಪಟ್ಟಣದವರು ಎದ್ದು ಕೂರ್ತಾರೆ, ನಸುಕಿನಲ್ಲಿ ಹಾಲು ಕರೆದವಳ ಸುದ್ದಿ ಯಾರೂ ಎತ್ತಲ್ಲ.

ಇನ್ನೊಂದು ಗಮನಿಸಿ. 'ಬಂಗಾರದ ಮನುಷ್ಯ'ದ ರಾಜೀವ ಕೊನೆಗೆ ಮನೆ ಬಿಟ್ಟು ಹೋಗ್ತಾನೆ. 'ಮಂಥನ್'ನ ಡಾಕ್ಟರಿಗೆ ವರ್ಗವಾಗಿ ರೈಲು ಹತ್ತಿಬಿಡ್ತಾರೆ. ಊರಲ್ಲಿ ಉಳಿದು ಸೊಸೈಟಿ ನಡೆಸೋನು ಭೋಲಾ, ಅಂದರೆ ನಾಸಿರುದ್ದೀನ್ ಶಾ. ಆ ಭೋಲಾನ ಕಥೆಯನ್ನು ಗೌರಿಬಿದನೂರು ಕಡೆ ತೆಗೆಯೋ ಪ್ರೊಡ್ಯೂಸರ್ ಯಾರಾದರೂ ಇದ್ದರೆ, ಜೂನಿಯರ್ ಆರ್ಟಿಸ್ಟ್‌ಗಳ ಖರ್ಚಿಲ್ಲ. ಬೆಳಗ್ಗೆ ಆರಕ್ಕೆ ಕ್ಯಾಮೆರಾ ತನ್ನಿ, ಕ್ಯಾನ್ ಹಿಡಿದ ಸಾಲು ಆಗಲೇ ನಿಂತಿರುತ್ತೆ.