ಕ್ಯಾಮೆರಾ ನಮ್ಮದು, ಬೀಗದಕೈ ಯಾರದು?

ನನ್ನದು ಮುಳಬಾಗಿಲು ತಾಲ್ಲೂಕಿನಲ್ಲಿ ಮಳೆ ನಂಬಿದ ಮೂರೆಕರೆ. ರಾಗಿ, ಅವರೆ, ಹತ್ತು ಮಾವಿನ ಮರ, ಇಪ್ಪತ್ತೆರಡು ಕುರಿ. ಮಳೆ ಕೈಕೊಟ್ಟ ವರ್ಷ ಮನೆ ನಡೆಸೋದು ಕುರಿಗಳೇ. ಹೋದ ವರ್ಷ ಒಂದು ರಾತ್ರಿ ದೊಡ್ಡಿಯಿಂದ ನಾಲ್ಕು ಕುರಿ ಹೋದವು. ಬೆಂಗಳೂರಿನಲ್ಲಿರುವ ಮಗ ದುಡ್ಡು ಕಳಿಸಿದ, ಕ್ಯಾಮೆರಾ ಬಂತು.

ಇದೇನೂ ಶ್ರೀಮಂತರ ಶೋಕಿ ಅಲ್ಲ. 2023ರ ಜುಲೈಯಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿದಾಗ ಬೆಳೆದವರು ತೋಟದಲ್ಲೇ ಮಲಗಿದರು. ಮುಂದಿನ ತಿಂಗಳು ಮಹಾರಾಷ್ಟ್ರದ ಸಂಭಾಜಿನಗರ ಕಡೆಯ ರೈತರೊಬ್ಬರು ಟೊಮೆಟೊ ಹೊಲಕ್ಕೇ ಕ್ಯಾಮೆರಾ ಹಾಕಿಸಿದ್ದು ಪೇಪರಿನಲ್ಲಿ ಬಂತು. ಆದರೆ ಹಾಕಿಸಿದ ಮೇಲಿನ ಪಾಡು ಯಾವ ಪೇಪರಿನಲ್ಲೂ ಬರೋದಿಲ್ಲ. ಅದನ್ನೇ ಬರೀತಿದ್ದೇನೆ.

ಮೂರು ತಿಂಗಳು ಚೆನ್ನಾಗಿತ್ತು. ಆಮೇಲೆ ಫೋನು ತೆಗೆದರೆ ದೊಡ್ಡಿ ಕಾಣಿಸೋದಿಲ್ಲ, ‘ಆಫ್‌ಲೈನ್’ ಅಂತ ಬರುತ್ತೆ. ಹಾಕಿಕೊಟ್ಟ ಹುಡುಗನನ್ನು ಕರೆಸಿದೆ. ಸ್ವಿಚ್ಚು ಆರಿಸಿ ಹಾಕಿದ, ಸರಿಹೋಯ್ತು, ಮುನ್ನೂರು ರೂಪಾಯಿ ತಗೊಂಡ. ಎರಡು ವಾರಕ್ಕೆ ಮತ್ತದೇ ಕಥೆ. ಮೂರನೇ ಸಲ ಅವನನ್ನು ಕರೆಯಲಿಲ್ಲ, ಕೂತು ಯೋಚನೆ ಮಾಡಿದೆ.

ನಮ್ಮ ಬೋರು ಬತ್ತಿ ಎಂಟು ವರ್ಷವಾಯ್ತು. ಆದರೆ ಅದು ಕಲಿಸಿದ ಪಾಠ ಮರೆತಿಲ್ಲ. ಮೋಟಾರು ಓಡದಿದ್ದರೆ ಯಾರೂ ಮೊದಲೇ ಪಂಪು ಮೇಲೆತ್ತೋದಿಲ್ಲ. ಫೇಸ್ ಇದೆಯಾ, ಫ್ಯೂಸು ಹೋಗಿದೆಯಾ, ಸ್ಟಾರ್ಟರು, ಕೇಬಲ್ಲು, ಹೀಗೆ ಒಂದೊಂದೇ ನೋಡ್ತೀವಿ. ಇದೂ ಅಷ್ಟೇ. ಕರೆಂಟು, ಕ್ಯಾಮೆರಾ, ವೈಫೈ ಡಬ್ಬಿ, ಸಿಮ್ಮು, ಕೊನೆಗೆ ನಮ್ಮ ಫೋನು. ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದರೂ ‘ಆಫ್‌ಲೈನ್’ ಅಂತಲೇ ಬರುತ್ತೆ. ಎಷ್ಟೋ ಸಲ ಕ್ಯಾಮೆರಾ ಕೆಟ್ಟಿರೋದೇ ಇಲ್ಲ.

ಮೊದಲು ಕರೆಂಟು. ಪಂಪ್‌ಸೆಟ್ ಲೈನಿಗೆ ಕ್ಯಾಮೆರಾ ಕೊಟ್ಟವರಿದ್ದಾರೆ. ಆ ಲೈನಿನಲ್ಲಿ ತ್ರೀಫೇಸ್ ಬರೋದೇ ಏಳು ಗಂಟೆ. ಉಳಿದ ಹೊತ್ತು ಅದನ್ನು ನಂಬೋ ಹಾಗಿಲ್ಲ. ಮನೆ ಲೈನಿಂದಲೇ ಕೊಡಿ. ಕರೆಂಟು ಹೋಗಿ ಬಂದಾಗ ವೈಫೈ ಡಬ್ಬಿ ಏಳೋಕೆ ಎರಡು ಮೂರು ನಿಮಿಷ ಬೇಕು. ಕ್ಯಾಮೆರಾ ಅದಕ್ಕಿಂತ ಮೊದಲು ಎದ್ದು, ಹುಡುಕಿ, ಸಿಗದೆ ಸುಮ್ಮನಾಗಿಬಿಡುತ್ತೆ. ಡಬ್ಬಿಯ ದೀಪ ನಿಂತ ಮೇಲೆ ಕ್ಯಾಮೆರಾ ಒಂದನ್ನೇ ಆರಿಸಿ ಹಾಕಿದರೆ ಸಾಕು. ನನ್ನ ಮುನ್ನೂರು ರೂಪಾಯಿ ಹೋದದ್ದು ಇದಕ್ಕೇ. ಡಬ್ಬಿಗೆ ಒಂದು ಸಣ್ಣ ಬ್ಯಾಟರಿ ಯುಪಿಎಸ್ ಹಾಕಿದರೆ ಇನ್ನೂ ಒಳ್ಳೇದು. ಕೊಳ್ಳುವಾಗ ಡಬ್ಬಿಯ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟೇಜು ತಾಳೆ ನೋಡಿ.

ಎರಡನೇದು ದೂರ. ಕ್ಯಾಮೆರಾ ಇರೋ ಜಾಗದಲ್ಲಿ ನಿಂತು ಫೋನಿನಲ್ಲಿ ಮನೆಯ ವೈಫೈ ನೋಡಿ. ಅಲ್ಲಿ ಫೋನಿಗೇ ಸಿಗದಿದ್ದರೆ ಕ್ಯಾಮೆರಾಕ್ಕೆ ಎಲ್ಲಿಂದ ಸಿಗಬೇಕು? ತಗಡಿನ ಶೀಟು, ದಪ್ಪ ಗೋಡೆ ಅಡ್ಡ ಬಂದರೆ ಸಿಗ್ನಲ್ ಸಾಯುತ್ತೆ. ನಾನು ಡಬ್ಬಿಯನ್ನು ನಡುಮನೆಯಿಂದ ಕಿಟಕಿಗೆ ತಂದಿಟ್ಟೆ, ಅಷ್ಟೇ.

ಮೂರನೇದು ಸಿಮ್ಮು. 28 ದಿನದ ರೀಚಾರ್ಜು ಮುಗಿದದ್ದು ನಮಗೆ ನೆನಪಿರೋದಿಲ್ಲ. ಫೋನಿನ ಡೇಟಾ ಆರಿಸಿ, ಮನೆ ವೈಫೈ ಮೇಲೆ ಬೇರೇನಾದರೂ ತೆರೆದು ನೋಡಿ. ಅದೂ ಬಾರದಿದ್ದರೆ ತಪ್ಪು ಕ್ಯಾಮೆರಾದ್ದಲ್ಲ.

ನಾಲ್ಕನೇದು, ಡಬ್ಬಿ ಬದಲಾಯಿಸಿದರೆ. ಹೊಸದಕ್ಕೂ ಹಳೇ ಹೆಸರು, ಹಳೇ ಪಾಸ್‌ವರ್ಡೇ ಇಡಿ, ಕ್ಯಾಮೆರಾ ತಾನಾಗಿ ಸೇರುತ್ತೆ. ಕಡಿಮೆ ಬೆಲೆಯ ಎಷ್ಟೋ ಕ್ಯಾಮೆರಾಗಳು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ, 5 ಹಿಡಿಯೋದಿಲ್ಲ. ಅದನ್ನು ಕೇಳಿಯೇ ಡಬ್ಬಿ ತನ್ನಿ.

ಇಷ್ಟು ಕಲಿತೆ ಅನ್ನೋ ಹೊತ್ತಿಗೆ ದೊಡ್ಡ ಪೆಟ್ಟು ಬಿತ್ತು. ಒಂದು ದಿನ ಆ್ಯಪು ತಾನಾಗಿ ಹೊರಗೆ ಬಂದು ಓಟಿಪಿ ಕೇಳಿತು. ಓಟಿಪಿ ನನ್ನ ಫೋನಿಗೆ ಬರಲೇ ಇಲ್ಲ. ಆಗ ಗೊತ್ತಾಯ್ತು, ಹುಡುಗ ಬೇಗ ಮುಗಿಸೋಣ ಅಂತ ತನ್ನ ನಂಬರಿನಲ್ಲೇ ಖಾತೆ ತೆರೆದಿದ್ದ. ಅವನು ಹೊಸೂರಿಗೆ ಕೆಲಸಕ್ಕೆ ಹೋಗಿದ್ದ. ಕ್ಯಾಮೆರಾದ ಸಣ್ಣ ತೂತಿಗೆ ಪಿನ್ನು ಒತ್ತಿ ಹೊಸದಾಗಿ ಮಾಡಿದರೂ, ಹಳೇ ಖಾತೆಯಿಂದ ತೆಗೆಯುವ ತನಕ ನನ್ನ ನಂಬರನ್ನು ಅದು ಒಪ್ಪಲಿಲ್ಲ. ಅವನು ಸಿಕ್ಕಿ ತೆಗೆಯೋಕೆ ಹನ್ನೊಂದು ದಿನ ಹಿಡಿಯಿತು. ಅಷ್ಟೂ ರಾತ್ರಿ ನಾನು, ನನ್ನ ಹೆಂಡತಿ ಸರದಿಯ ಮೇಲೆ ದೊಡ್ಡಿಯಲ್ಲಿ ಮಲಗಿದೆವು.

ಅವಳು ಒಂದೇ ಮಾತು ಕೇಳಿದಳು, “ಹಂಗಾದ್ರೆ ಇಷ್ಟು ದಿನ ನಮ್ಮ ಅಂಗಳ ಅವನ ಫೋನಲ್ಲೂ ಕಾಣ್ತಿತ್ತಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಗ ಒಳ್ಳೆಯವನು, ನೋಡಿರಲಿಕ್ಕಿಲ್ಲ. ಆದರೆ ಹೊಸ ಬಾಗಿಲು ಇಟ್ಟ ಬಡಗಿ ಒಂದು ಬೀಗದಕೈ ಜೇಬಿಗೆ ಹಾಕಿಕೊಂಡು ಹೋದರೆ ಒಪ್ತೀವಾ?

ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೂ ಹಾಗೇ ಬಿಡಬಾರದು. 2016ರಲ್ಲಿ ‘ಮಿರಾಯ್’ ಅನ್ನೋ ವೈರಸ್ಸು, ಪಾಸ್‌ವರ್ಡ್ ಬದಲಾಯಿಸದ ಕ್ಯಾಮೆರಾ ಮತ್ತು ವೈಫೈ ಡಬ್ಬಿಗಳನ್ನು ಲಕ್ಷಗಟ್ಟಲೆ ವಶ ಮಾಡಿಕೊಂಡಿತು. ಆ ವರ್ಷ ಅಕ್ಟೋಬರ್ 21ರಂದು ಅಮೆರಿಕದ ದೊಡ್ಡ ದೊಡ್ಡ ಇಂಟರ್‌ನೆಟ್ ತಾಣಗಳೇ ನಿಂತುಹೋದವು. ನಮ್ಮ ದೊಡ್ಡಿಯ ಕ್ಯಾಮೆರಾ ಸಣ್ಣದು ಅಂತ ಅಸಡ್ಡೆ ಬೇಡ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಕ್ಯಾಮೆರಾ ಹಾಕಿಸೋರು ಕೊನೆಯ ಐನೂರು ರೂಪಾಯಿ ಕೈಯಲ್ಲಿಟ್ಟುಕೊಳ್ಳಿ. ಖಾತೆ ನಿಮ್ಮ ನಂಬರಿನಲ್ಲೇ ಆಗಲಿ. ಪಾಸ್‌ವರ್ಡು ನೀವೇ ಇಟ್ಟು, ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳಿ. ಕ್ಯಾಮೆರಾದೊಳಗೆ ಮೆಮೊರಿ ಕಾರ್ಡು ಇರಲಿ. ಇಂಟರ್‌ನೆಟ್ ಇಲ್ಲದಿದ್ದರೂ ಕರೆಂಟಿದ್ದರೆ ಚಿತ್ರ ಅದರಲ್ಲಿ ಉಳಿಯುತ್ತೆ. ಆರಿಸಿ ಹಾಕೋದನ್ನು ನಿಮ್ಮ ಕೈಯಲ್ಲೇ ಒಂದು ಸಲ ಮಾಡಿಸಿದ ಮೇಲೆ ಆ ಐನೂರು ಕೊಡಿ.

ಮಗನ ನಂಬರಿಗೆ ಮಾಡಿಸಿದರೆ ಸಾಲದೇ ಅಂತ ಕೇಳೋರಿದ್ದಾರೆ. ಮಗನೂ ನೋಡಲಿ, ಆ್ಯಪಿನಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ನಡುರಾತ್ರಿ ನಾಯಿ ಬೊಗಳಿದಾಗ ದೊಡ್ಡಿ ಹತ್ತಿರ ಇರೋರು ನಾವು.

ಮಾರುವವರಿಗೂ ಒಂದು ಮಾತು. ಡಬ್ಬಿಯೊಳಗೆ ಇಂಗ್ಲಿಷಿನ ಪುಸ್ತಕ ಇಡ್ತೀರಿ, ಜೊತೆಗೆ ಕನ್ನಡದಲ್ಲಿ ಒಂದು ಹಾಳೆ ಇಡಿ. ಏಳನೇ ಕ್ಲಾಸು ಓದಿದ ನಾನು ಇಷ್ಟು ಬರೆದಿದ್ದೇನೆ, ನಿಮಗೆ ಕಷ್ಟವೇ?